ಐವತ್ತಿದ್ದರೆ ನೆಂಟರೇ?

ರೋಹುವಿಗೆ 50. ಕಾಟ್ಲಾಕ್ಕೆ 50. ಮೃಗಾಲಿಗೆ 50. ಮಾಗೂರಿಗೂ 50. ಸಾಮಾನ್ಯ ಗೆಂಡೆಗೆ 100, ಬಾಳೆ ಮೀನಿಗೆ 86, ಹುಲ್ಲುಗೆಂಡೆಗೆ 48, ಜಿಲೇಬಿ ಮೀನಿಗೆ (ತಿಲಾಪಿಯ) 44. ಕೊರಮೀನಿನಲ್ಲಿ ಒಂದು ಜಾತಿಗೆ 32, ಇನ್ನೊಂದಕ್ಕೆ 40, ಮತ್ತೊಂದಕ್ಕೆ 44.

ಇದು ಕಿಲೋ ದರದ ಪಟ್ಟಿಯಲ್ಲ. ಆಯಾ ಮೀನಿನ ಒಂದು ಜೀವಕೋಶದಲ್ಲಿರುವ ವರ್ಣತಂತುಗಳ, ಅಂದರೆ ಜೀನ್‌ಗಳನ್ನು ಹೊತ್ತ ಎಳೆಗಳ (ಕ್ರೋಮೋಸೋಮ್) ಸಂಖ್ಯೆ. ಗಂಗಾವತಿಯ ನಮ್ಮ ತರಗತಿಯಲ್ಲಿ ಇದನ್ನು ಕರಿಹಲಗೆಯ ಮೇಲೆ ಬರೆದಿದ್ದೆ. ಪಠ್ಯದಲ್ಲಿ ಮನುಷ್ಯನ 46 ಮತ್ತು ಹಣ್ಣುನೊಣದ 8 ಬಿಟ್ಟರೆ ಮುಂದೆ ಹೋಗುವುದಿಲ್ಲ. ತುಂಗಭದ್ರೆಯ ಪಕ್ಕದಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಹಣ್ಣುನೊಣದ ಲೆಕ್ಕವೊಂದೇ ಸಾಕೇ ಎಂಬ ಸಿಟ್ಟು ನನಗೆ ಮೊದಲಿನಿಂದಲೂ ಇದೆ. ಕಾರಟಗಿ ಕಡೆಯಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಮಾಗೂರಿಗೂ ರೋಹುವಿಗೂ ಐವತ್ತೇ ಇದೆಯಲ್ಲ ಮೇಡಂ, ಅವೆರಡೂ ನೆಂಟರೇ?" ಅಷ್ಟರಲ್ಲಿ ಗಂಟೆ ಹೊಡೆಯಿತು. ಗಂಟೆ ಹೊಡೆಯದಿದ್ದರೂ ಈ ಪ್ರಶ್ನೆಗೆ ಉತ್ತರ ಒಂದು ಅವಧಿಯಲ್ಲಿ ಮುಗಿಯುವುದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹಿನ್ನೆಲೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ನಮ್ಮದು ಮುನಿರಾಬಾದಿನ ಹಿನ್ನೀರಿನಲ್ಲಿ ಹರಿಗೋಲು ಹಾಕಿ ಬಲೆ ಬೀಸುವ ಮನೆತನ. ನಾನು ಬಲೆ ಬೀಸಲಿಲ್ಲ, ಬಳ್ಳಾರಿಗೆ ಹೋಗಿ ಪ್ರಾಣಿಶಾಸ್ತ್ರ ಓದಿದೆ. ಅಲ್ಲಿ ನನಗೆ ಸಿಕ್ಕ ವಿಷಯ ಮೀನಿನ ವರ್ಣತಂತು. ಮನೆಯಲ್ಲಿ ಇದನ್ನು ಹೇಳಿದಾಗ ಸೋದರಮಾವ, "ಮೀನು ಹಿಡಿಯುವುದು ಬಿಟ್ಟು ಮೀನಿನೊಳಗಿನದನ್ನು ಹಿಡಿಯಲು ಹೊರಟಿದ್ದಾಳೆ" ಎಂದು ಊರೆಲ್ಲ ಹೇಳಿಕೊಂಡು ಬಂದರು.

ವರ್ಣತಂತು ಯಾವಾಗ ಬೇಕಾದರೆ ಆವಾಗ ಕಾಣುವ ವಸ್ತುವಲ್ಲ. ಕೋಶ ಎರಡಾಗಿ ಒಡೆಯುವ ಹೊತ್ತಿಗೆ ಮಾತ್ರ ಅದು ಗಿಡ್ಡವಾಗಿ, ದಪ್ಪವಾಗಿ, ಎಣಿಸಲು ಬರುವಂತೆ ಆಗುತ್ತದೆ. ಅದೇ ಕ್ಷಣದಲ್ಲಿ ಕೋಶವನ್ನು ತಡೆದು ನಿಲ್ಲಿಸಬೇಕು. ಆ ಕೆಲಸಕ್ಕೆ ಬಳಸುವುದು ಕಾಲ್ಚಿಸಿನ್. ನಮ್ಮ ಕುರುಚಲು ಕಾಡುಗಳಲ್ಲಿ ಮಳೆ ಬಿದ್ದ ಮೇಲೆ ಕೆಂಪು ಹಳದಿ ನಾಲಿಗೆ ಚಾಚಿ ಅರಳುವ ಅಗ್ನಿಶಿಖೆಯ ಗೆಡ್ಡೆಯಲ್ಲಿಯೂ ಇರುವ ವಿಷ ಇದು. ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವ ನೂಲುಗಳು ಕಟ್ಟಿಕೊಳ್ಳದಂತೆ ಇದು ತಡೆಯುತ್ತದೆ. ನೂಲಿಲ್ಲದೆ ವರ್ಣತಂತುಗಳು ಇದ್ದಲ್ಲೇ ನಿಲ್ಲುತ್ತವೆ.

ಜೀವಂತ ಮೀನಿನ ಬೆನ್ನಿನ ಸ್ನಾಯುವಿಗೆ ಇದನ್ನು ಚುಚ್ಚಿ ಒಂದೆರಡು ಗಂಟೆ ನೀರಿನಲ್ಲೇ ಬಿಡಬೇಕು. ನಂತರ ಮೂತ್ರಪಿಂಡದ ಮುಂಭಾಗವನ್ನು ತೆಗೆಯಬೇಕು. ಮೀನಿಗೆ ಮೂಳೆಮಜ್ಜೆಯಲ್ಲಿ ರಕ್ತ ತಯಾರಾಗುವುದಿಲ್ಲ, ಈ ಮುಂಭಾಗದಲ್ಲಿ ತಯಾರಾಗುತ್ತದೆ. ಆದ್ದರಿಂದ ಒಡೆಯುತ್ತಿರುವ ಕೋಶಗಳು ಅಲ್ಲಿ ಹೇರಳ. ಬೆನ್ನುಮೂಳೆಗೆ ಅಂಟಿಕೊಂಡು, ತಲೆಯ ಹಿಂದೆಯೇ, ಕಡುಗೆಂಪು ಬಣ್ಣದಲ್ಲಿ ಅದು ಸಿಗುತ್ತದೆ. ಮೀನು ಹಸನು ಮಾಡುವಾಗ ನಮ್ಮ ಅಮ್ಮ ಉಗುರಿನಿಂದ ಕೆರೆದು ಎಸೆಯುತ್ತಿದ್ದುದು ಅದನ್ನೇ.

ಆ ತುಣುಕನ್ನು ಕತ್ತರಿಸಿ, ಪೊಟ್ಯಾಸಿಯಂ ಕ್ಲೋರೈಡಿನ ತೆಳು ದ್ರಾವಣದಲ್ಲಿ ಇಟ್ಟರೆ ಕೋಶಗಳು ನೀರು ಹೀರಿ ಉಬ್ಬುತ್ತವೆ. ಉಬ್ಬಿದ ಕೋಶದೊಳಗೆ ವರ್ಣತಂತುಗಳು ಒಂದರಿಂದ ಒಂದು ದೂರ ಸರಿಯುತ್ತವೆ. ಈ ಹಂತ ಗೊತ್ತಾದದ್ದೇ ಪ್ರಯೋಗಾಲಯದ ಒಂದು ಎಡವಟ್ಟಿನಿಂದ. 1952ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಟಿ.ಸಿ. ಶೂ ಎಂಬ ವಿಜ್ಞಾನಿಯ ಕೈಗೆ ಯಾರೋ ತಪ್ಪಾಗಿ ತೆಳುಮಾಡಿದ ಉಪ್ಪುನೀರು ಸಿಕ್ಕಿತು. ಅಲ್ಲಿಯವರೆಗೆ ಗುಂಪುಗೂಡಿ ಕಾಣುತ್ತಿದ್ದ ವರ್ಣತಂತುಗಳು ಅಂದು ಬಿಡಿಬಿಡಿಯಾಗಿ ಹರಡಿದ್ದವು. ಆ ದಾರಿ ಸಿಕ್ಕ ಮೇಲೆಯೇ, 1956ರಲ್ಲಿ ಸ್ವೀಡನ್ನಿನ ಲುಂಡ್‌ನಿಂದ ಚೋ ಮತ್ತು ಲೆವನ್ ಎಂಬಿಬ್ಬರು ಮನುಷ್ಯನಿಗಿರುವುದು 48 ಅಲ್ಲ, 46 ಎಂದು ಪ್ರಕಟಿಸಿದ್ದು. ಅಲ್ಲಿಯವರೆಗೆ ದಶಕಗಳ ಕಾಲ ಪುಸ್ತಕಗಳಲ್ಲಿ 48 ಎಂದೇ ಅಚ್ಚಾಗುತ್ತಿತ್ತು. ನಮ್ಮದೇ ವರ್ಣತಂತುಗಳನ್ನು ಸರಿಯಾಗಿ ಎಣಿಸಿ ಇನ್ನೂ ನೂರು ವರ್ಷವಾಗಿಲ್ಲ. ಮೀನಿನ ಲೆಕ್ಕದಲ್ಲಿ ಒಂದು ಪ್ರಬಂಧಕ್ಕೂ ಇನ್ನೊಂದಕ್ಕೂ ಒಂದೆರಡು ವ್ಯತ್ಯಾಸ ಬಂದರೆ ಹುಬ್ಬೇರಿಸಬಾರದು ಎನ್ನುವುದು ಇದಕ್ಕೇ.

ಉಬ್ಬಿದ ಕೋಶಗಳನ್ನು ಮೂರು ಪಾಲು ಮೆಥನಾಲ್, ಒಂದು ಪಾಲು ಅಸಿಟಿಕ್ ಆಮ್ಲದ ತಣ್ಣನೆಯ ಮಿಶ್ರಣದಲ್ಲಿ ಸ್ಥಿರಗೊಳಿಸಿ, ಗಾಜಿನ ಪಟ್ಟಿಯ ಮೇಲೆ ಸ್ವಲ್ಪ ಎತ್ತರದಿಂದ ಹನಿಸಬೇಕು. ಪುಸ್ತಕದಲ್ಲಿ ಇದು ಒಂದು ಸಾಲು. ಬಳ್ಳಾರಿಯ ಏಪ್ರಿಲ್ ತಿಂಗಳಲ್ಲಿ ಇದು ಒಂದು ಯುದ್ಧ. ಹನಿ ಗಾಜಿನ ಮೇಲೆ ಬಿದ್ದು ಹಿಗ್ಗುತ್ತಾ ಒಣಗಬೇಕು. ಆ ಒಣಗುವ ವೇಗವೇ ಎಲ್ಲವನ್ನೂ ನಿರ್ಧರಿಸುತ್ತದೆ. ನಿಧಾನವಾಗಿ ಒಣಗಿದರೆ ಕೋಶ ಚಪ್ಪಟೆಯಾಗಿ ಹರಡಿ ವರ್ಣತಂತುಗಳು ಬಿಡಿಯಾಗುತ್ತವೆ. ಥಟ್ಟನೆ ಒಣಗಿದರೆ ಒಂದರ ಮೇಲೊಂದು ಬಿದ್ದು ಗಂಟಾಗುತ್ತವೆ. ಹೊರಗೆ ನಲವತ್ತು ಡಿಗ್ರಿ ದಾಟಿದ ಬಿಸಿಲು, ಗಾಳಿಯಲ್ಲಿ ತೇವದ ಸುಳಿವಿಲ್ಲ, ಮೆಥನಾಲ್ ಗಾಜಿಗೆ ತಾಗುವ ಮೊದಲೇ ಆವಿಯಾಗುತ್ತಿದೆಯೋ ಎನಿಸುವಂತಿರುತ್ತಿತ್ತು. ವಿಧಾನ ಬರೆದವರೆಲ್ಲ ತಂಪು ದೇಶದವರು. ಅವರ "ಕೋಣೆಯ ಉಷ್ಣತೆ" ನಮ್ಮ ಕೋಣೆಯದಲ್ಲ.

ನಾನು ಕಂಡುಕೊಂಡ ಉಪಾಯಗಳು ಯಾವ ಕೈಪಿಡಿಯಲ್ಲೂ ಇರಲಿಲ್ಲ. ಬೆಳಗಿನ ಜಾವ ಪ್ರಯೋಗಾಲಯ ತೆರೆಸುವುದು. ಮೇಜಿನ ಸುತ್ತ ಒದ್ದೆ ಗೋಣಿಚೀಲ ಹಾಸುವುದು. ಬಿಸಿನೀರಿನ ಬಟ್ಟಲಿನ ಮೇಲೆ ಗಾಜಿನ ಪಟ್ಟಿಯನ್ನು ಒಂದು ಕ್ಷಣ ಹಿಡಿದು, ಅದರ ಮೇಲೆ ತೆಳ್ಳಗೆ ಆವಿ ಕೂತ ಮೇಲೆ ಹನಿಸುವುದು. ಫ್ಯಾನ್ ಹಾಕಿದವರ ಮೇಲೆ ಕೂಗಾಡುವುದು. ಜುಲೈನಲ್ಲಿ ಮೋಡ ಕವಿದು ನಾಲ್ಕು ಹನಿ ಉದುರಿದ ದಿನ ತೆಗೆದ ಪಟ್ಟಿಗಳು ಏನೂ ಉಪಾಯ ಮಾಡದೆಯೇ ಚೆನ್ನಾಗಿ ಬಂದಿದ್ದವು. ಇಡೀ ಬಳ್ಳಾರಿ ಬೆಳೆಗಾಗಿ ಮಳೆಯನ್ನು ಕಾಯುತ್ತಿದ್ದರೆ ನಾನು ಮೀನಿನ ಕೋಶ ಹರಡಲಿ ಎಂದು ಕಾಯುತ್ತಿದ್ದೆ.

ಜೀಮ್ಸಾ ಬಣ್ಣ ಹಾಕಿ, ಎಣ್ಣೆ ಹನಿಸಿ, ನೂರರ ಮಸೂರದಲ್ಲಿ ನೋಡಿದರೆ ನೇರಳೆ ಬಣ್ಣದ ಚೂರುಗಳು ಕಾಣುತ್ತವೆ. ಮೊದಲ ಸಲ ನೋಡಿದವರಿಗೆ ನಿರಾಸೆಯಾಗುವುದು ಖಂಡಿತ. ಮನುಷ್ಯನ ವರ್ಣತಂತುವಿನ ಚಿತ್ರ ನೋಡಿ ಬಂದವರು ಸೊಗಸಾದ ಎಕ್ಸ್ ಆಕಾರವನ್ನು ಹುಡುಕುತ್ತಾರೆ. ಮೀನಿನವು ಪುಟ್ಟವು, ಬಹುಪಾಲು ಒಂದರಿಂದ ಐದು ಮೈಕ್ರೊಮೀಟರ್ ಉದ್ದ. ಚಿಕ್ಕ ಜೋಡಿಗಳಲ್ಲಿ ಎಲ್ಲಿ ಸೊಂಟ, ಎಲ್ಲಿ ತೋಳು ಎಂದು ಹೇಳಲು ಕಣ್ಣು ಪಳಗಬೇಕು. ಸೊಂಟ ಎಂದರೆ ಸೆಂಟ್ರೊಮಿಯರ್. ಅದು ನಡುವೆ ಇದ್ದರೆ ಎರಡು ಸಮ ತೋಳು, ಅಂದರೆ ಮೆಟಾಸೆಂಟ್ರಿಕ್. ತುದಿಗೆ ಸರಿದಿದ್ದರೆ ಒಂದೇ ತೋಳು, ಅಂದರೆ ಆಕ್ರೊಸೆಂಟ್ರಿಕ್. ನಡುವಿನ ಬಗೆಗಳೂ ಇವೆ. ಉದ್ದ ತೋಳನ್ನು ಗಿಡ್ಡ ತೋಳಿನಿಂದ ಭಾಗಿಸಿ ಅವುಗಳನ್ನು ವಿಂಗಡಿಸುವ ಕ್ರಮವನ್ನು 1964ರಲ್ಲಿ ಕೊಟ್ಟವರಲ್ಲಿ ಮೊದಲ ಹೆಸರು ಅದೇ ಲೆವನ್ ಅವರದು. ಭಾಗಲಬ್ಧ 1.7ರ ಒಳಗಿದ್ದರೆ ಮೆಟಾಸೆಂಟ್ರಿಕ್. ಮೀನಿನ ಒಂದು ಚೂರಿನ ತೋಳನ್ನು ಇಬ್ಬರು ಅಳೆದರೆ ಒಬ್ಬರಿಗೆ 1.6, ಇನ್ನೊಬ್ಬರಿಗೆ 1.8 ಬರುವುದು ಮಾಮೂಲು. ರೋಹುವಿನಲ್ಲಿ ಎರಡು ತೋಳಿನವು ಎಷ್ಟು ಎನ್ನುವುದರಲ್ಲಿ ಪ್ರಬಂಧಗಳಿಗೆ ಒಮ್ಮತ ಕಡಿಮೆ. 50 ಎನ್ನುವುದರಲ್ಲಿ ಮಾತ್ರ ಎಲ್ಲರೂ ಒಂದೇ.

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಮಾಗೂರು, ರೋಹು ನೆಂಟರೇ? ಎಲ್ಲ ಮೀನುಗಳೂ ಹಿಂದೆ ಹೋದರೆ ನೆಂಟರೇ. ಆದರೆ ಇವೆರಡರ ಕವಲು ಡೈನೋಸಾರ್‌ಗಳು ಓಡಾಡುತ್ತಿದ್ದ ಕಾಲಕ್ಕೇ ಬೇರೆಯಾಗಿದೆ. ಒಂದು ಮೀಸೆಯುಳ್ಳ, ಚಿಪ್ಪಿಲ್ಲದ ಕ್ಯಾಟ್‌ಫಿಶ್ ಗಣದ್ದು. ಇನ್ನೊಂದು ಗೆಂಡೆಗಳ ಗಣದ್ದು. ಎರಡೂ 50ಕ್ಕೆ ಬಂದು ನಿಂತಿರುವುದು ಬೇರೆ ಬೇರೆ ದಾರಿಯಲ್ಲಿ. ಮಾಗೂರಿನ ಹತ್ತಿರದ ಸಂಬಂಧಿ, ನಮ್ಮಲ್ಲಿ ನಿಷೇಧವಿದ್ದರೂ ಕದ್ದುಮುಚ್ಚಿ ಸಾಕುವ ಆಫ್ರಿಕನ್ ಕ್ಯಾಟ್‌ಫಿಶ್. ಅದಕ್ಕೆ 56. ಹತ್ತಿರದವರಲ್ಲಿ ಸಂಖ್ಯೆ ಬೇರೆ, ದೂರದವರಲ್ಲಿ ಸಂಖ್ಯೆ ಒಂದೇ. ಹಾಗೆಯೇ ಜಿಲೇಬಿಗೂ 44, ಕೊರಮೀನಿನ ದೊಡ್ಡ ಜಾತಿ ಚನ್ನಾ ಮರೂಲಿಯಸ್‌ಗೂ 44. 1952ರಲ್ಲಿ ಹೊರಗಿನಿಂದ ಭಾರತಕ್ಕೆ ಬಂದ ಜಿಲೇಬಿಗೂ ನಮ್ಮ ಹೊಳೆಯ ಕೊರಮೀನಿಗೂ ಅದರಿಂದ ಯಾವ ಹತ್ತಿರದ ನೆಂಟಸ್ತಿಕೆಯೂ ಹುಟ್ಟುವುದಿಲ್ಲ.

ಕೊರಮೀನುಗಳೊಳಗಿನ ಲೆಕ್ಕವಂತೂ ನನಗೆ ಬಹಳ ಇಷ್ಟ. ಚನ್ನಾ ಪಂಕ್ಟೇಟಾ, ಮೈಮೇಲೆ ಕಪ್ಪು ಚುಕ್ಕೆಯ ಚಿಕ್ಕ ಕೊರಮೀನು, ಅದಕ್ಕೆ 32. ಚನ್ನಾ ಸ್ಟ್ರಯೇಟಾಕ್ಕೆ 40. ಮರೂಲಿಯಸ್‌ಗೆ 44. ಮೂರೂ ಒಂದೇ ಕುಲ. ಮೂರಕ್ಕೂ ಹಾವಿನ ತಲೆ, ಮೂರೂ ಗಾಳಿ ಉಸಿರಾಡುತ್ತವೆ, ಮೂರೂ ಒದ್ದೆ ಚೀಲದಲ್ಲಿ ಸಂತೆಯವರೆಗೆ ಜೀವಂತ ಬರುತ್ತವೆ. ಹಾಗಾದರೆ 44ರಿಂದ 32ಕ್ಕೆ ಇಳಿದಾಗ ಹನ್ನೆರಡು ವರ್ಣತಂತುಗಳಷ್ಟು ಜೀನ್‌ಗಳು ಎಲ್ಲಿ ಹೋದವು?

ಎಲ್ಲಿಯೂ ಹೋಗಲಿಲ್ಲ. ಗಂಗಾವತಿಯ ಮಕ್ಕಳಿಗೆ ಇದನ್ನು ಗದ್ದೆಯ ಲೆಕ್ಕದಲ್ಲಿ ಹೇಳಿದರೆ ಥಟ್ಟನೆ ಅರ್ಥವಾಗುತ್ತದೆ. ಎರಡು ತುಂಡು ಗದ್ದೆಯ ನಡುವಿನ ಬದು ಒಡೆದು ಒಂದು ಮಾಡಿದರೆ ತುಂಡುಗಳ ಸಂಖ್ಯೆ ಇಳಿಯುತ್ತದೆ, ಎಕರೆ ಇಳಿಯುವುದಿಲ್ಲ. ಪಂಕ್ಟೇಟಾದ 32ರಲ್ಲಿ ಬಹುತೇಕ ಎಲ್ಲವೂ ಎರಡು ತೋಳಿನವು. ಒಂದು ತೋಳಿನ ಎರಡು ವರ್ಣತಂತುಗಳು ಸೊಂಟದ ಬಳಿ ಬೆಸೆದುಕೊಂಡರೆ ಎರಡು ತೋಳಿನ ಒಂದು ವರ್ಣತಂತು ಸಿಗುತ್ತದೆ. 1916ರಲ್ಲಿ ಮಿಡತೆಗಳಲ್ಲಿ ಇದನ್ನು ಗುರುತಿಸಿದ ರಾಬರ್ಟ್‌ಸನ್ ಹೆಸರಿನಲ್ಲೇ ಈ ಬೆಸುಗೆಯನ್ನು ಕರೆಯುತ್ತಾರೆ. ಆದ್ದರಿಂದ ವರ್ಣತಂತುಶಾಸ್ತ್ರದವರು ಸಂಖ್ಯೆಯ ಪಕ್ಕದಲ್ಲಿ ಯಾವಾಗಲೂ ತೋಳುಗಳ ಒಟ್ಟು ಲೆಕ್ಕವನ್ನೂ ಬರೆಯುತ್ತಾರೆ. ಬೆಸುಗೆಯಿಂದ ಸಂಖ್ಯೆ ಬದಲಾದರೂ ತೋಳಿನ ಲೆಕ್ಕ ಹಾಗೇ ಉಳಿಯುತ್ತದೆ. ವರ್ಣತಂತುವಿನ ಒಂದು ತುಣುಕು ತಲೆಕೆಳಗಾಗಿ ಸೇರಿಕೊಂಡು ಸೊಂಟದ ಜಾಗ ಬದಲಾದರೆ ಮಾತ್ರ ಸಂಖ್ಯೆ ಹಾಗೇ ಇದ್ದು ತೋಳಿನ ಲೆಕ್ಕ ಬದಲಾಗುತ್ತದೆ. ಎರಡನ್ನೂ ಒಟ್ಟಿಗೆ ನೋಡಿದವರಿಗೆ ಯಾವುದು ನಡೆದಿದೆ ಎಂಬ ಅಂದಾಜು ಸಿಗುತ್ತದೆ. ಬರೀ ಸಂಖ್ಯೆ ನೋಡಿದವರಿಗೆ ಏನೂ ಸಿಗುವುದಿಲ್ಲ.

ಜಿಲೇಬಿಯಲ್ಲಿ ಬೆಸುಗೆಯ ಗಾಯವೇ ಉಳಿದುಕೊಂಡಿದೆ. ವರ್ಣತಂತುವಿನ ಎರಡು ತುದಿಗಳಲ್ಲಿ ಟೆಲೊಮಿಯರ್ ಎಂಬ, ಡಿಎನ್ಎಯ ಒಂದೇ ಅಕ್ಷರಗುಚ್ಛ ಮತ್ತೆ ಮತ್ತೆ ಬರುವ ಭಾಗವಿರುತ್ತದೆ. ಅದು ಇರಬೇಕಾದದ್ದು ತುದಿಯಲ್ಲಿ. ನೈಲ್ ಜಿಲೇಬಿಯ ವರ್ಣತಂತುಗಳಲ್ಲಿ ಒಂದು ಜೋಡಿ ಉಳಿದವುಗಳಿಗಿಂತ ಎದ್ದು ಕಾಣುವಷ್ಟು ದೊಡ್ಡದು. ಹೊಳೆಯುವ ಬಣ್ಣ ಕಟ್ಟಿದ ಡಿಎನ್ಎ ತುಣುಕಿನಿಂದ ಹುಡುಕಿದಾಗ ಆ ದೊಡ್ಡ ಜೋಡಿಯ ಒಳಭಾಗದಲ್ಲಿಯೂ ಟೆಲೊಮಿಯರ್ ಗುಚ್ಛ ಬೆಳಗಿತು. ಒಂದು ಕಾಲಕ್ಕೆ ಅದು ತುದಿಯಾಗಿತ್ತು, ಆಮೇಲೆ ಅಲ್ಲಿ ಇನ್ನೊಂದು ಬಂದು ಅಂಟಿಕೊಂಡಿದೆ ಎಂದರ್ಥ. ನಮ್ಮದೇ ಎರಡನೆಯ ವರ್ಣತಂತುವಿನಲ್ಲೂ ಇಂಥದೇ ಗುರುತಿದೆ. ಚಿಂಪಾಂಜಿಗೆ 48 ಇದ್ದು ನಮಗೆ 46 ಇರುವುದಕ್ಕೆ ಕಾರಣ ಅದೇ ಬೆಸುಗೆ.

ಬೆಸುಗೆ ನೆಂಟಸ್ತಿಕೆಯನ್ನು ಹೇಳುವುದು ಯಾವಾಗ ಎಂದರೆ, ಅದೇ ಎರಡು ವರ್ಣತಂತುಗಳು ಅದೇ ರೀತಿಯಲ್ಲಿ ಬೆಸೆದಿರುವುದು ಹಲವು ಜಾತಿಗಳಲ್ಲಿ ಕಂಡಾಗ. ಹುಲ್ಲುಗೆಂಡೆಯನ್ನೇ ತೆಗೆದುಕೊಳ್ಳಿ. ಗೆಂಡೆಗಳ ಗಣದಲ್ಲಿ ಸಾಮಾನ್ಯವಾಗಿ 50 ಇರುವಾಗ ಇದಕ್ಕೆ 48. 2015ರಲ್ಲಿ ಇದರ ಜೀನೋಮ್, ಅಂದರೆ ಇಡೀ ಡಿಎನ್ಎಯ ಓದು, ಪ್ರಕಟವಾದಾಗ ಗೆಂಡೆಗಳ ಗಣದ್ದೇ ಆದ ಜೀಬ್ರಾಮೀನಿನ ಜೀನೋಮಿನ ಪಕ್ಕದಲ್ಲಿಟ್ಟು ನೋಡಿದರು. ಜೀಬ್ರಾಮೀನಿನ 10ನೆಯ ಮತ್ತು 22ನೆಯ ವರ್ಣತಂತುಗಳಲ್ಲಿರುವ ಜೀನ್‌ಗಳು ಹುಲ್ಲುಗೆಂಡೆಯಲ್ಲಿ ಒಂದೇ ವರ್ಣತಂತುವಿನ ಮೇಲೆ ಸಾಲಾಗಿ ಕೂತಿದ್ದವು. ಬೆಳ್ಳಿಗೆಂಡೆಗೂ ದೊಡ್ಡತಲೆ ಗೆಂಡೆಗೂ 48. ಇವೆಲ್ಲ ಪೂರ್ವ ಏಷ್ಯಾದ ನದಿಗಳಿಂದ ಬಂದ ಒಂದೇ ಗುಂಪಿನ ಮೀನುಗಳು. ಇಲ್ಲಿ 48 ಎನ್ನುವುದು ಮಾತನಾಡುತ್ತದೆ, ಏಕೆಂದರೆ ಅದರ ಹಿಂದೆ ಯಾವ ಎರಡು ಬೆಸೆದವು ಎಂಬ ವಿವರವಿದೆ. ಒಳಗೇನಿದೆ ಎಂದು ತೆರೆದು ನೋಡದ ಹೊರತು 48 ಬರೀ 48.

ನಮ್ಮ ಕಾಲದಲ್ಲಿ ಹೀಗೆ ಒಳಹೊಕ್ಕು ನೋಡುವ ಸೌಕರ್ಯ ಇರಲಿಲ್ಲ. ಮನುಷ್ಯನ ವರ್ಣತಂತುವಿನ ಮೇಲೆ ಅಡ್ಡಪಟ್ಟೆ ಮೂಡಿಸುವ ವಿಧಾನ ಮೀನಿನಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಡಿಎನ್ಎಯ ಎರಡು ಬಗೆಯ ಅಕ್ಷರಜೋಡಿಗಳು ನಮ್ಮಲ್ಲಿ ದೊಡ್ಡ ದೊಡ್ಡ ವಲಯಗಳಾಗಿ ಬೇರ್ಪಟ್ಟಿವೆ. ಮೀನಿನಲ್ಲಿ ಹೆಚ್ಚುಕಡಿಮೆ ಸಮವಾಗಿ ಬೆರೆತಿವೆ. ಹಾಗಾಗಿ ಪಟ್ಟೆ ಮೂಡುವುದಿಲ್ಲ. ಬೆಳ್ಳಿಯ ನೈಟ್ರೇಟಿನಿಂದ ರೈಬೋಸೋಮ್ ಜೀನ್‌ಗಳ ಜಾಗ ಕಪ್ಪಾಗುವಂತೆ ಮಾಡುವುದೊಂದೇ ನಮಗೆ ಎಟುಕುತ್ತಿದ್ದ ಗುರುತು. ಬೆಳ್ಳಿ ನೈಟ್ರೇಟ್ ಬೆರಳಿಗೆ ತಾಗಿದರೆ ವಾರಗಟ್ಟಲೆ ಹೋಗದ ಕಪ್ಪು ಕಲೆ. ನನ್ನ ನಿಶ್ಚಿತಾರ್ಥದ ಫೋಟೋಗಳಲ್ಲಿ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡೇ ನಿಂತಿದ್ದೇನೆ.

ಲಿಂಗದ ವರ್ಣತಂತು ಯಾವುದು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಗೆಂಡೆಗಳಲ್ಲಿ ಸೂಕ್ಷ್ಮದರ್ಶಕದಡಿ ಗಂಡು ಹೆಣ್ಣಿನ ವ್ಯತ್ಯಾಸ ಕಾಣುವುದಿಲ್ಲ. ಜಿಲೇಬಿಗಳಲ್ಲಿ ಇನ್ನೂ ವಿಚಿತ್ರ. ನೈಲ್ ಜಿಲೇಬಿಯಲ್ಲಿ ನಮ್ಮಂತೆ ಎಕ್ಸ್ ವೈ ಕ್ರಮ, ಅದರ ತೀರಾ ಹತ್ತಿರದ ನೀಲಿ ಜಿಲೇಬಿಯಲ್ಲಿ ಕೋಳಿಯಂತೆ ಝಡ್ ಡಬ್ಲ್ಯೂ ಕ್ರಮ, ಅಂದರೆ ಎರಡು ಬೇರೆ ಬಗೆಯವು ಇರುವುದು ಗಂಡಿನಲ್ಲಲ್ಲ, ಹೆಣ್ಣಿನಲ್ಲಿ. ಇದರ ಬಗ್ಗೆ ಬೇರೆಯೇ ಬರೆಯಬೇಕು.

ಸಾಮಾನ್ಯ ಗೆಂಡೆಯ 100ಕ್ಕೆ ಬರುತ್ತೇನೆ, ಏಕೆಂದರೆ ಇಲ್ಲಿ ಬೆಸುಗೆಯಲ್ಲ, ದ್ವಿಗುಣ. 50ರ ಎರಡರಷ್ಟು. 1967ರಲ್ಲಿ ತಳಿವಿಜ್ಞಾನಿ ಸುಸುಮು ಓಹ್ನೊ ಮತ್ತು ಸಂಗಡಿಗರು ಗೆಂಡೆ ಕುಟುಂಬದ ಮೀನುಗಳನ್ನು ಹೋಲಿಸಿ, ಸಾಮಾನ್ಯ ಗೆಂಡೆ ಮತ್ತು ಚಿನ್ನದ ಮೀನಿನಲ್ಲಿ ವರ್ಣತಂತು ಮಾತ್ರವಲ್ಲ, ಕೋಶದೊಳಗಿನ ಡಿಎನ್ಎಯ ಪ್ರಮಾಣವೂ ಚಿಕ್ಕ ಬಾರ್ಬ್ ಮೀನುಗಳ ಎರಡರಷ್ಟಿದೆ ಎಂದು ತೋರಿಸಿದರು. ಇಡೀ ಜೀನೋಮ್ ಇಮ್ಮಡಿಯಾಗಿದೆ. ಒಂದು ಜೀನಿಗೆ ಎರಡು ಪ್ರತಿ ಇದ್ದರೆ ಒಂದು ಹಳೆಯ ಕೆಲಸ ಮಾಡಿಕೊಂಡಿರುತ್ತದೆ, ಇನ್ನೊಂದು ಹೊಸದನ್ನು ಕಲಿಯಲು ಬಿಡುವಾಗಿರುತ್ತದೆ ಎಂಬ ಓಹ್ನೊ ಅವರ 1970ರ ವಾದಕ್ಕೆ ಇಂಥ ಮೀನುಗಳೇ ಬಲ ಕೊಟ್ಟವು. ಗೆಂಡೆಯ ಜೀನೋಮ್ 2014ರಲ್ಲಿ ಬಂತು. ಇಮ್ಮಡಿಯಾದದ್ದು ಸುಮಾರು ಒಂದು ಕೋಟಿ ವರ್ಷದ ಆಸುಪಾಸಿನಲ್ಲಿ ಎಂಬ ಅಂದಾಜಿದೆ. ಒಂದೇ ಮೀನು ತನ್ನನ್ನೇ ಇಮ್ಮಡಿಸಿಕೊಂಡದ್ದಲ್ಲ, ಎರಡು ಬೇರೆ ಜಾತಿಗಳು ಕೂಡಿ ಎರಡರದ್ದೂ ಪೂರ್ತಿ ಉಳಿದದ್ದು. ಇಂದಿಗೂ ಅದರೊಳಗೆ ಎರಡು ಮನೆತನದ ಆಸ್ತಿಯನ್ನು ಬೇರೆ ಬೇರೆಯಾಗಿ ಗುರುತಿಸಬಹುದು.

ಬಾಳೆ ಮೀನಿನ 86 ನೋಡಿ ಅದೂ ಹೀಗೇ ಇರಬೇಕು ಎಂದು ಊಹಿಸಬೇಡಿ. ಅದು ಕ್ಯಾಟ್‌ಫಿಶ್ ಗಣದ್ದು, ಅದರ ಕಥೆ ಬೇರೆ. ಆದರೆ ಗೆಂಡೆ ಕುಟುಂಬದ್ದೇ ಆದ ಮಹಶೀರ್‌ಗೆ 100 ಇರುವುದು ನಿಜಕ್ಕೂ ಇಮ್ಮಡಿಯಾದದ್ದರಿಂದಲೇ. ತುಂಗೆಯ ಮೇಲ್ಭಾಗದಲ್ಲಿ, ಶೃಂಗೇರಿಯ ಮೆಟ್ಟಿಲ ಬಳಿ ಜನ ಮಂಡಕ್ಕಿ ಎಸೆಯುವುದು ಇವುಗಳಿಗೇ. ಅದೇ ನೀರು ಕೆಳಗೆ ಬಂದು ನಮ್ಮ ಜಲಾಶಯದಲ್ಲಿ ನಿಂತಾಗ ಅದರಲ್ಲಿರುವ 100ರ ಮೀನು ಸಾಮಾನ್ಯ ಗೆಂಡೆ. 1939ರಲ್ಲಿ ಶ್ರೀಲಂಕಾದಿಂದ ಊಟಿಗೆ, 1957ರಲ್ಲಿ ಬ್ಯಾಂಕಾಕ್‌ನಿಂದ ಕಟಕ್‌ಗೆ ಬಂದ ತಳಿಗಳ ಸಂತತಿ. ಇವೆರಡರ ನೂರು ಒಂದೇ ನೂರಲ್ಲ, ಬೇರೆ ಬೇರೆ ಸಂಕರಗಳಿಂದ ಬಂದ ನೂರು ಎನ್ನುವ ಕಡೆಗೇ ಈಗಿನ ಪುರಾವೆಗಳು ವಾಲುತ್ತವೆ. ಗೆಂಡೆ ಕುಟುಂಬಕ್ಕೆ ಇಮ್ಮಡಿಯಾಗುವುದು ಚಟದಂತೆ ಅಂಟಿಕೊಂಡಿದೆ.

ಇಷ್ಟೆಲ್ಲ ಕೇಳಿದ ಮೇಲೆ ಸೋದರಮಾವ ಒಮ್ಮೆ, "ಇದರಿಂದ ಮೀನಿನ ತೂಕ ಹೆಚ್ಚುತ್ತದೆಯೇ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಸಂಖ್ಯೆಗೆ ಲೆಕ್ಕಾಚಾರದ ಬೆಲೆ ಬರುವುದು ಸಂಕರದಲ್ಲಿ. ನಮ್ಮ ರೋಹು, ಕಾಟ್ಲಾಗಳಂಥ ಮೀನನ್ನು ಸಾಮಾನ್ಯ ಗೆಂಡೆಯೊಂದಿಗೆ ಕೂಡಿಸಿ ನೋಡಿದ್ದಾರೆ. ತಂದೆ ತಾಯಿ ತಮ್ಮದರಲ್ಲಿ ಅರ್ಧರ್ಧ ಕೊಡುತ್ತಾರೆ: ಒಬ್ಬರಿಂದ 25, ಇನ್ನೊಬ್ಬರಿಂದ 50, ಮರಿಗೆ 75. ಮರಿ ಬದುಕುತ್ತದೆ, ಬೆಳೆಯುತ್ತದೆ, ಆದರೆ ಸಂತಾನವಿಲ್ಲ. ಮೊಟ್ಟೆಯೋ ವೀರ್ಯವೋ ಆಗುವಾಗ ವರ್ಣತಂತುಗಳು ಜೋಡಿ ಹುಡುಕಿಕೊಳ್ಳಬೇಕು, 75ರಲ್ಲಿ ಜೋಡಿ ಕೂಡುವುದಿಲ್ಲ. ಅಲ್ಲಿಗೆ ವಂಶ ನಿಂತಿತು. ಒಂದು ರೀತಿಯಲ್ಲಿ ಅದು ಅಪಾಯವಿಲ್ಲದ ಸಂಕರ.

ಅಪಾಯ ಇರುವುದು ರೋಹು ಮತ್ತು ಕಾಟ್ಲಾದ ನಡುವೆ. ಕಾಟ್ಲಾದ ತಲೆ ಎಷ್ಟು ದೊಡ್ಡದು, ಬಾಯಿ ಎಷ್ಟು ಮೇಲಕ್ಕೆ ತಿರುಗಿದೆ ಎಂದರೆ ಹಳೆಯ ವಿಜ್ಞಾನಿಗಳು ಅದಕ್ಕೆ ಬೇರೆಯೇ ಕುಲ ಕೊಟ್ಟಿದ್ದರು. ಡಿಎನ್ಎ ನೋಡಿದ ಮೇಲೆ ಅದನ್ನು ರೋಹುವಿನ ಕುಲವಾದ ಲೇಬಿಯೋದೊಳಕ್ಕೇ ಸೇರಿಸುವವರು ಹೆಚ್ಚಾಗಿದ್ದಾರೆ. ಇವೆರಡೂ ಕೂಡಿದರೆ 25ಕ್ಕೆ 25 ಸರಿಹೊಂದುತ್ತದೆ, ಮರಿಗೆ 50, ಆ ಮರಿ ಮುಂದೆ ಮರಿ ಹಾಕುತ್ತದೆ. ಹೊಳೆಯಲ್ಲಿ ಇದು ಅಪರೂಪ. 1957ರ ಜುಲೈ 10ರಂದು ಮೀನುಗಾರಿಕೆ ವಿಜ್ಞಾನಿ ಹೀರಾಲಾಲ್ ಚೌಧರಿ, ಮೀನಿನ ಮೆದುಳಿನಡಿಯ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ನಮ್ಮ ಗೆಂಡೆಗಳಿಂದ ಮೊಟ್ಟೆ ಇಡಿಸಿದರಲ್ಲ, ಆ ವಿಧಾನ ಕೇಂದ್ರದಿಂದ ಕೇಂದ್ರಕ್ಕೆ ಹರಡಿದ ಮೇಲೆ ಎರಡೂ ಜಾತಿಗಳನ್ನು ಒಂದೇ ತೊಟ್ಟಿಯಲ್ಲಿ ಚುಚ್ಚಿ ಬಿಟ್ಟರೆ ಯಾರ ಮೊಟ್ಟೆಗೆ ಯಾರ ವೀರ್ಯ ಎಂದು ಹೇಳುವವರಿಲ್ಲ. ಅಂಥ ಮರಿ ಕೆರೆಗೆ, ಜಲಾಶಯಕ್ಕೆ ಸೇರಿದರೆ ಕೆಲವು ತಲೆಮಾರಿನಲ್ಲಿ ಅಪ್ಪಟ ರೋಹುವೂ ಇಲ್ಲ, ಅಪ್ಪಟ ಕಾಟ್ಲಾವೂ ಇಲ್ಲ. ನಾನು ಒದ್ದೆ ಗೋಣಿಚೀಲ ಹಾಸಿ ಎಷ್ಟೇ ಚೆಂದದ ಪಟ್ಟಿ ಮಾಡಿದರೂ ಆ ಮಿಶ್ರ ಮೀನಿನಲ್ಲಿ ಕಾಣುವುದು 50. ಅದನ್ನು ಹಿಡಿಯಲು ಡಿಎನ್ಎ ಗುರುತುಗಳೇ ಬೇಕು.

ಮಾವ ಮತ್ತು ಅವರ ಜೊತೆಯವರು ಕೆರೆಯೊಂದನ್ನು ಗುತ್ತಿಗೆ ಹಿಡಿದಾಗ ಒಂದು ಪ್ರಶ್ನೆ ಹೇಳಿಕೊಟ್ಟು ಕಳಿಸಿದ್ದೆ: ರೋಹು ಮತ್ತು ಕಾಟ್ಲಾದ ತಾಯಿಮೀನುಗಳನ್ನು ಮೊಟ್ಟೆ ಇಡಿಸುವಾಗ ಬೇರೆ ಬೇರೆ ತೊಟ್ಟಿಯಲ್ಲಿ ಬಿಡುತ್ತೀರಾ? ಮರಿ ಮಾರುವ ಕೇಂದ್ರದವರು, ತೊಟ್ಟಿ ಒಂದೇ ಇರುವುದು, ಮೀನು ತಾವೇ ನೋಡಿಕೊಳ್ಳುತ್ತವೆ ಎಂದರಂತೆ. ಮಾವ ಮರಿ ಕೊಳ್ಳದೆ ಖಾಲಿ ಡ್ರಮ್ ಹೊತ್ತುಕೊಂಡು ವಾಪಸ್ ಬಂದರು. ಬಾಡಿಗೆ ಗಾಡಿಯ ಖರ್ಚನ್ನು ನನ್ನ ಲೆಕ್ಕಕ್ಕೆ ಬರೆದಿದ್ದಾರೆ.